ಅತ್ತೆ ಕೊಟ್ಟ ಹೆಡ್‌ಲೈಟು

ಅತ್ತೆಯ ಮನೆಯಿಂದ ಬಂದ ವಸ್ತು ಎಂದೂ ಕೆಡುವುದಿಲ್ಲ. ಕೆಟ್ಟರೂ ಅದು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ತಿಳಿದ ಯಾವ ಅಳಿಯನಿಗೂ ಇಲ್ಲ. ಮದುವೆಯಲ್ಲಿ ಕೊಟ್ಟ ಕೈಗಡಿಯಾರ ನಿಂತು ಎಷ್ಟೋ ವರ್ಷವಾದರೂ ಅತ್ತೆಯ ಊರು ಇಳಕಲ್ಲಿಗೆ ಹೊರಟಾಗ ನಾನು ಅದನ್ನೇ ಕಟ್ಟಿಕೊಳ್ಳುತ್ತೇನೆ. ಯಾರಾದರೂ ವೇಳೆ ಕೇಳಿದರೆ ಮೊಬೈಲು ನೋಡಿ ಹೇಳುತ್ತೇನೆ. ಪಂಚಮಿಗೆ ಬಂದ ಅಂಗಿಯ ಕುತ್ತಿಗೆ ಬಿಗಿಯಾದರೆ ದಪ್ಪಗಾದವನು ನಾನೇ ಹೊರತು ಅಂಗಿಯೇನೂ ಚಿಕ್ಕದಿರುವುದಿಲ್ಲ. ಇಷ್ಟನ್ನು ಸಂಸಾರ ಹೂಡಿದ ಹೊಸತರಲ್ಲೇ ಕಲಿತುಕೊಂಡು, ಹೆಂಡತಿ ಗಿರಿಜಾಳ ಜೊತೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನೆಮ್ಮದಿಯಾಗಿಯೇ ಇದ್ದೆ. ಆದರೆ ಗಡಿಯಾರವನ್ನೂ ಅಂಗಿಯನ್ನೂ ಸಹಿಸಿಕೊಂಡ ಹಾಗೆ ಒಂದು ಜೋಡಿ ಎಲ್‌ಇಡಿ ಹೆಡ್‌ಲೈಟುಗಳನ್ನು ಸಹಿಸಿಕೊಳ್ಳಲಾಗುವುದಿಲ್ಲ ಎಂಬುದು ಈಚೆಗೆ ತಿಳಿಯಿತು. ಅಂಗಿ ಎಷ್ಟೇ ಬಿಗಿಯಿದ್ದರೂ ಅಮೀನಗಡದ ಆಚೆ ನಡುದಾರಿಯಲ್ಲಿ ಕೈಕೊಡುವುದಿಲ್ಲ.

ನಮ್ಮ ಕಡೆ ಅಧಿಕ ಮಾಸ ಬಂತೆಂದರೆ ಮಗಳನ್ನೂ ಅಳಿಯನನ್ನೂ ಮನೆಗೆ ಕರೆದು, ಅನಾರಸ ಕರಿದು ಬಡಿಸಿ, ಅಳಿಯನ ಕೈಗೆ ಜೋಡಿ ದೀಪ ಕೊಡುವ ರೂಢಿಯಿದೆ. ಹಿತ್ತಾಳೆಯದೋ ಬೆಳ್ಳಿಯದೋ, ಅವರವರ ಅನುಕೂಲ. ಹಿಂದಿನ ಅಧಿಕ ಮಾಸಗಳಲ್ಲಿ ಬಂದ ಹಿತ್ತಾಳೆ ದೀಪಗಳು ನಮ್ಮ ದೇವರ ಜಗುಲಿಯ ಮೇಲೆ ಸಾಲಾಗಿ ನಿಂತಿವೆ. ಎಣ್ಣೆ, ಬತ್ತಿ ಬಿಟ್ಟರೆ ಅವು ಬೇರೇನನ್ನೂ ಕೇಳಿದವಲ್ಲ. ಈ ಸಲ ಮಾತ್ರ ಗಿರಿಜಾಳ ತಮ್ಮ ಮಹಾಂತೇಶ ನಡುವೆ ಬಾಯಿ ಹಾಕಿದ. ಇಳಕಲ್ಲಿನಲ್ಲಿ ಅವನದು ಸೀರೆ ಅಂಗಡಿ. ಅಂಗಡಿಯಲ್ಲಿ ತಲೆಮಾರುಗಳಿಂದ ಬಂದ ಅದೇ ಸೆರಗು, ಅದೇ ಅಂಚು ಮಾರುತ್ತಾನಾದರೂ ಮನುಷ್ಯನಿಗೆ ಹೊಸದರ ಹುಚ್ಚು ವಿಪರೀತ. ತನ್ನ ಕಾರಿಗೆ ಎಲ್‌ಇಡಿ ಹಾಕಿಸಿಕೊಂಡಾಗಿನಿಂದ ಉಳಿದವರೆಲ್ಲ ಕತ್ತಲೆಯಲ್ಲಿದ್ದಾರೆ ಎಂದು ಅವನಿಗೆ ಕನಿಕರ. "ಮನಿಯಾಗ ಮತ್ತ ಎರಡ ದೀಪ ಇಟ್ಟಗೊಂಡು ಏನ್ ಮಾಡ್ತೀರಿ ಮಾಮಾ? ದೀಪ ಅಂದ್ರ ದಾರಿ ತೋರಸ್ಬೇಕು" ಎಂದು ಹೇಳಿ, ಹೆಡ್‌ಲೈಟಿನ ಡಬ್ಬಿಯನ್ನು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ತಂದುಬಿಟ್ಟ.

ನನ್ನ ಅತ್ತೆ ಗಂಗವ್ವನವರಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಬ್ಬಿಯಲ್ಲಿ ಏನಿದೆ ಎಂದು ಅವರಿಗೆ ಕಾಣಲಿಲ್ಲ. ಕೈಯಿಂದ ಸವರಿ ನೋಡಿ, ಎರಡು ಇವೆ ಎಂದು ಖಾತ್ರಿ ಮಾಡಿಕೊಂಡು, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದರು. ಮೊದಲು ನನಗೆ, ಆಮೇಲೆ ಡಬ್ಬಿಗೆ ಆರತಿ ಬೆಳಗಿದರು. "ಅಳಿಯಂದ್ರ, ಇವನ್ನ ಆರಗೊಡಬ್ಯಾಡ್ರಿ. ನನ್ನ ಮಗಳ ಕುಂಕುಮ ಕಾಯೂ ದೀಪ ಇವು" ಎಂದರು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು, ಇಂಥದನ್ನೆಲ್ಲ ನಂಬುವವನಲ್ಲ. ಆದರೂ ಆ ಮಾತು ಕೇಳಿದಾಗಿನಿಂದ ನನ್ನ ಆಯುಷ್ಯವೆಲ್ಲ ಆ ಡಬ್ಬಿಯೊಳಗೆ ಹೋಗಿ ಕೂತಂತೆ ಅನಿಸತೊಡಗಿತು. ಗಿರಿಜಾ ಎಂ.ಎ. ಓದಿದವಳು, ಅವಳೂ ನಂಬುವುದಿಲ್ಲ. ಆದರೆ ದಾರಿಯಲ್ಲಿ ಡಬ್ಬಿಯನ್ನು ಡಿಕ್ಕಿಯಲ್ಲಿಡಲು ಒಪ್ಪದೆ ಬಾಗಲಕೋಟೆ ಮುಟ್ಟುವವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನವನಗರದಲ್ಲಿ ಮೌಲಾಸಾಬ ಎಂಬ ಎಲೆಕ್ಟ್ರಿಷಿಯನ್ ಇದ್ದಾನೆ. ಸದಾ ನಗುಮುಖ, ಎಂದೂ ಇಲ್ಲ ಎನ್ನದ ಮನುಷ್ಯ. ಅವನೇ ಆ ದೀಪಗಳನ್ನು ಜೋಡಿಸಿದ. ಮೊದಲನೆಯ ಸಂಜೆಯ ವೈಭವವನ್ನು ಏನು ಹೇಳಲಿ! ನಮ್ಮ ಓಣಿಗೆ ಓಣಿಯೇ ಆಪರೇಷನ್ ಕೋಣೆಯ ಹಾಗೆ ಬೆಳ್ಳಗಾಯಿತು. ಕಟ್ಟೆಯ ಮೇಲೆ ಕೂತಿದ್ದ ಎದುರುಮನೆಯ ಹಿರಿಯರು ಟವೆಲ್ಲಿನಿಂದ ಕಣ್ಣು ಮುಚ್ಚಿಕೊಂಡು, ಯಾರದು ಎಂದು ಕೇಳಿದರು. ನಾನು ಇಳಿದು ಹೋಗಿ, ನಾನೇ, ಅತ್ತೆಯವರ ಮನೆಯದು, ಅಧಿಕ ಮಾಸದ್ದು ಎಂದು ಹೆಮ್ಮೆಯಿಂದ ಹೇಳಿ ಬಂದೆ. ಆ ಹೆಮ್ಮೆ ಮರುದಿನದವರೆಗೆ ಇತ್ತು.

ಮರುದಿನ ಹಾರ್ನು ಒತ್ತಿದರೆ ಎಡಗಡೆಯ ದೀಪ ಕಣ್ಣು ಹೊಡೆಯಿತು. ಬಲಕ್ಕೆ ತಿರುಗುತ್ತೇನೆಂದು ಇಂಡಿಕೇಟರ್ ಹಾಕಿದರೆ ರೇಡಿಯೊ ಗುರುಗುಟ್ಟಿತು. ಬ್ರೇಕು ಒತ್ತಿದರೆ ಮುಂದಿನ ಎರಡೂ ದೀಪ ಮಂಕಾಗಿ, ಬಿಟ್ಟರೆ ಮತ್ತೆ ಝಗ್ಗೆಂದವು. ಬೆಳಗ್ಗೆ ಕಾಲೇಜಿಗೆ ಹೊರಡಬೇಕೆಂದರೆ ಬ್ಯಾಟರಿ ಪೂರ್ತಿ ಖಾಲಿ. ನಿಂತಲ್ಲೇ ನಿಂತ ಕಾರು ಕರೆಂಟನ್ನು ಎಲ್ಲಿಗೆ ಕಳಿಸುತ್ತಿತ್ತೋ ದೇವರೇ ಬಲ್ಲ. ನಮ್ಮ ಓಣಿಯಲ್ಲಿ ನಸುಕಿಗೆ ವಾಕಿಂಗ್ ಬರುವ ನಿವೃತ್ತರ ಗುಂಪೊಂದಿದೆ. ಮೊದಮೊದಲು ಅವರು ಸಂತೋಷದಿಂದಲೇ ಕಾರು ತಳ್ಳಿದರು, ವ್ಯಾಯಾಮವಾಯಿತು ಎಂದು ತಮಾಷೆಯನ್ನೂ ಮಾಡಿದರು. ಆಮೇಲೆ ಒಬ್ಬರಿಗೆ ಸೊಂಟ ಹಿಡಿಯಿತು, ಇನ್ನೊಬ್ಬರ ಮನೆಯವರು ತಕರಾರು ತೆಗೆದರು. ಈಗ ಆ ಗುಂಪು ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತದೆ.

ಮೌಲಾಸಾಬನಿಗೆ ತೋರಿಸಿದರೆ ಅವನು ಅರ್ಥಿಂಗ್ ತೊಂದರೆ ಎಂದ. ರೇಡಿಯೊ ಗುರುಗುಟ್ಟಿದರೂ ಅರ್ಥಿಂಗ್, ಬ್ಯಾಟರಿ ಇಳಿದರೂ ಅರ್ಥಿಂಗ್. ಒಮ್ಮೆ ನನಗೆ ತಲೆನೋವೆಂದು ಹೇಳಿದಾಗಲೂ ಅವನ ಬಾಯಿಗೆ ಅದೇ ಬರುತ್ತದೇನೋ ಎಂದು ಕಾದೆ. ಒಂದೊಂದು ಸಲವೂ ಒಂದೊಂದು ಹೊಸ ವೈರು ಎಳೆದು ಕಾರಿನ ಬೇರೆ ಬೇರೆ ಮೈಭಾಗಕ್ಕೆ ಬಿಗಿಯುತ್ತಿದ್ದ. ನಾನು ಮೆಲ್ಲಗೆ, ತಪ್ಪು ಆ ಲೈಟುಗಳಲ್ಲೇ ಇರಬಹುದಲ್ಲವೇ ಎಂದು ಕೇಳಿದ್ದುಂಟು. ಪಕ್ಕದಲ್ಲಿ ಗಿರಿಜಾ ಇದ್ದಳು. ಮನೆಗೆ ಬಂದ ಮೇಲೆ, ಗಾಡಿ ಹಳೆಯದಾಗಿದೆ, ನೀವು ಗೇರ್ ಹಾಕುವ ರೀತಿಯೂ ಸರಿಯಿಲ್ಲ ಎಂದಳು. ಅಲ್ಲಿಗೆ ಲೈಟಿನ ಮೇಲಿನ ಗುಮಾನಿ ಮುಗಿಯಿತು. ಬ್ಯಾಟರಿ ಬದಲಾಯಿತು, ಹಾರ್ನು ಬದಲಾಯಿತು, ರೇಡಿಯೊ ಕಿತ್ತು ಅಟ್ಟ ಸೇರಿತು. ಬದಲಾಗದೆ ಉಳಿದದ್ದು ನಾನು ಮತ್ತು ಆ ಎರಡು ದೀಪ. ಇನ್ನೊಂದು ತೊಂದರೆಯೆಂದರೆ, ದೀಪ ಆರಿತು ಎಂದು ಬಾಯಲ್ಲಿ ಅನ್ನುವಂತಿರಲಿಲ್ಲ. ಶಾಂತವಾಯಿತು ಎನ್ನಬೇಕೆಂದು ಗಿರಿಜಾಳ ಕಟ್ಟಪ್ಪಣೆ. ಬೇರೆಯವನಿಗೆ ತೋರಿಸೋಣವೆಂದು ಹುನಗುಂದಕ್ಕೆ ಹೋಗಿ, ಅಲ್ಲಿನ ಎಲೆಕ್ಟ್ರಿಷಿಯನ್ನನ ಎದುರು, ಎಡಗಡೆಯದು ಆಗಾಗ ಶಾಂತವಾಗುತ್ತದೆ ಎಂದು ನಾನು ಹೇಳಿದಾಗ ಅವನು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

ಹುನಗುಂದದವನು ಬಾನೆಟ್ ಎತ್ತಿದವನೇ ಹೌಹಾರಿದಂತೆ ಮಾಡಿ, "ಈ ಕೆಲಸ ಯಾರ್ ಮಾಡ್ಯಾರ್ರಿ?" ಎಂದ. ಬಾಗಲಕೋಟೆಯವನು ಎಂದೆ. ಅವನು ತಲೆ ಆಡಿಸಿದ ರೀತಿಗೆ ನನಗೆ ಬಾಗಲಕೋಟೆಯಲ್ಲಿ ಹುಟ್ಟಿದ್ದಕ್ಕೇ ನಾಚಿಕೆಯಾಯಿತು. ಮೌಲಾಸಾಬನ ವೈರುಗಳಲ್ಲಿ ಬಹುಪಾಲು ಕತ್ತರಿಸಿ ತನ್ನವನ್ನು ಹಾಕಿದ. ಅಂದಿನಿಂದ ಹೆಡ್‌ಲೈಟು ಹಾಕಿದರೆ ವೈಪರ್ ಒಂದು ಸಲ ಏಳುವುದು ಶುರುವಾಯಿತು. ಮಳೆಯಿಲ್ಲ, ಏನಿಲ್ಲ, ಎದ್ದು ನಮಸ್ಕಾರ ಮಾಡಿದ ಹಾಗೆ ಎದ್ದು ಮಲಗುತ್ತಿತ್ತು. ಅದನ್ನು ಹಿಡಿದುಕೊಂಡು ಇಳಕಲ್ಲಿಗೆ ಹೋದೆ. ಅದು ಮಾವನ ಮನೆಯ ಊರು; ಯಾರ ಕಣ್ಣಿಗೂ ಬೀಳಬಾರದೆಂದು ಒಂದು ಗ್ರಾನೈಟ್ ಪಾಲಿಷ್ ಮಾಡುವ ಶೆಡ್ಡಿನ ಹಿಂದೆ ಕಾರು ನಿಲ್ಲಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಅಲ್ಲಿನ ಎಲೆಕ್ಟ್ರಿಷಿಯನ್ನನನ್ನು ಕರೆತಂದೆ. ಅವನೂ ಬಾನೆಟ್ ಎತ್ತಿ ಅದೇ ಪ್ರಶ್ನೆ ಕೇಳಿದ. ಹುನಗುಂದದವನು ಎಂದೆ. ಅವನೂ ಅದೇ ರೀತಿ ತಲೆ ಆಡಿಸಿದ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ, ನೀವು ಸೀರೆ ಅಂಗಡಿ ಮಹಾಂತೇಶಣ್ಣನ ಮಾಮಾರಲ್ಲವೇ ಎಂದು ಕೇಳಿದ. ನಾನು ಅಲ್ಲ ಎಂದೆ. ನಾನು ನಾನಲ್ಲ ಎಂದು ನನ್ನ ಬಾಯಿಂದಲೇ ಹೇಳಿದ ಮೇಲೆ ನನಗೇ ಬೇಸರವಾಯಿತು. ಕೊನೆಗೆ ಸುತ್ತಿ ಸುತ್ತಿ ಮತ್ತೆ ಮೌಲಾಸಾಬನ ಹತ್ತಿರವೇ ಬಂದರೆ, ಅವನೂ ಬಾನೆಟ್ ಎತ್ತಿ, ಈ ಕೆಲಸ ಯಾರು ಮಾಡಿದ್ದು ಎಂದ. ಅವನು ಬೆರಳಿಟ್ಟು ತೋರಿಸಿದ ವೈರುಗಳಲ್ಲಿ ಒಂದೆರಡು ಅವನವೇ ಇದ್ದವು. ನಾನು ಅದನ್ನು ಹೇಳಲಿಲ್ಲ, ಇಳಕಲ್ಲಿನವನು ಎಂದು ಮುಗಿಸಿದೆ.

ಈ ನಡುವೆ ದೀಪಗಳು ತಾವಾಗಿಯೇ ಹತ್ತಿ ಆರುವ ವಿದ್ಯೆ ಕಲಿತವು. ನಮ್ಮ ರಸ್ತೆಗಳಲ್ಲಿ ಎದುರಿನಿಂದ ಬರುವ ಗಾಡಿ ಲೈಟು ಮಿಟುಕಿಸಿತೆಂದರೆ ಮುಂದೆ ಪೊಲೀಸರು ನಿಂತಿದ್ದಾರೆ ಎಂದು ಅರ್ಥ. ಇದು ದಾರಿಹೋಕರು ಒಬ್ಬರಿಗೊಬ್ಬರು ಮಾಡಿಕೊಳ್ಳುವ ಉಪಕಾರ. ಇದನ್ನು ಯಾರೂ ಕಲಿಸಬೇಕಿಲ್ಲ. ಒಂದು ಸಂಜೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದದ ಕಡೆ ಹೊರಟಿದ್ದೆ. ನನ್ನ ಕಾರು ದಾರಿಯುದ್ದಕ್ಕೂ ಮಿಟುಕಿಸುತ್ತ ಹೋಯಿತು. ಎದುರು ಬಂದ ಬೈಕಿನವರು ಗಕ್ಕನೆ ನಿಂತು ಹ್ಯಾಂಡಲ್ಲಿಗೆ ತೂಗುಹಾಕಿದ್ದ ಹೆಲ್ಮೆಟ್ ಹಾಕಿಕೊಂಡರು. ಒಂದು ಟ್ರ್ಯಾಕ್ಟರು ಹೊಲದ ದಾರಿಗೆ ಇಳಿದುಬಿಟ್ಟಿತು. ಒಬ್ಬ ಟೆಂಪೊದವನು ಮೇಲೆ ಕೂತ ಮಂದಿಯನ್ನೆಲ್ಲ ಇಳಿಸಿದ. ಕೆಲವರು ಹೋಗುತ್ತ ನನಗೆ ಕೈ ಎತ್ತಿ ನಮಸ್ಕಾರವನ್ನೂ ಮಾಡಿದರು. ನನಗೆ ಏನೊಂದೂ ತಿಳಿಯದೆ ನಾನೂ ಕೈ ಎತ್ತುತ್ತ ಹೋದೆ. ಹುನಗುಂದದಲ್ಲಿ ಕೆಲಸ ಮುಗಿಸಿ ಹಿಂದಿರುಗುವಾಗ ಅದೇ ಟೆಂಪೊ ರಸ್ತೆಗೆ ಅಡ್ಡ ನಿಂತಿತ್ತು. ಇಳಿದು ನಡೆದ ಮಂದಿಯೆಲ್ಲ ಬೆವರಿಳಿಸುತ್ತ ಅದರ ಸುತ್ತ ನಿಂತಿದ್ದರು. "ಯಜಮಾನ್ರ, ನಿಮ್ಮನ್ನ ನಂಬಿ ಈ ಮಂದಿನ ಅಷ್ಟ ದೂರ ನಡಿಸೇನಿ. ಎಲ್ಲಿ ಅದಾರ್ರಿ ಪೊಲೀಸ್ರು?" ಎಂದು ಡ್ರೈವರ್ ಕೇಳಿದ. ನಾನು ಅರ್ಥಿಂಗ್ ತೊಂದರೆ ಎಂದೆ. ಕರದಂಟಿನ ಪೊಟ್ಟಣವನ್ನು ಆ ಮಂದಿಗೆ ಹಂಚಿ ಬಿಡಿಸಿಕೊಂಡು ಬರಬೇಕಾಯಿತು.

ಇಷ್ಟಾದರೂ ದಿನಾ ಸಂಜೆ ಅತ್ತೆಯವರ ಫೋನು ಬರುತ್ತಿತ್ತು. ಮಗಳನ್ನು ಮಾತಾಡಿಸಿ ಆದ ಮೇಲೆ ನನ್ನನ್ನು ಕರೆದು, ದೀಪ ಹೇಗಿವೆ ಎಂದು ಕೇಳುತ್ತಿದ್ದರು. ನಾನು, ಭಾಳ ಚಲೋ ಅದಾವ್ರಿ ಅತ್ತಿ ಎನ್ನುತ್ತಿದ್ದೆ. ಅವರು ನಿಟ್ಟುಸಿರು ಬಿಟ್ಟು, ಅಷ್ಟಾದರೆ ಸಾಕಪ್ಪ ಎನ್ನುತ್ತಿದ್ದರು. ಆ ನಿಟ್ಟುಸಿರು ಕೇಳಿದ ಕೂಡಲೇ ನಾನು ಫೋನನ್ನು ಗಿರಿಜಾಳ ಕೈಗೆ ಕೊಟ್ಟುಬಿಡುತ್ತಿದ್ದೆ. ಮಾವ ತೀರಿಕೊಂಡ ಮೇಲೆ ತಮ್ಮ ಮಕ್ಕಳ ಸುಖವೊಂದನ್ನೇ ಲೆಕ್ಕ ಹಿಡಿದು ಬದುಕಿದವರು ಅವರು. ಅವರಿಗೆ ನಾನು ಸುಳ್ಳು ಹೇಳುತ್ತಿದ್ದೆ, ಬೇರೆ ದಾರಿ ಕಾಣದೆ ಹೇಳುತ್ತಿದ್ದೆ.

ಹೀಗಿರುವಾಗ ಅತ್ತೆಯವರ ಕಣ್ಣಿನ ಆಪರೇಷನ್ ಬಾಗಲಕೋಟೆಯಲ್ಲಿ ಎಂದು ನಿಶ್ಚಯವಾಯಿತು. ಆಪರೇಷನ್ ಆಗಿ ಚೇತರಿಸಿಕೊಳ್ಳುವವರೆಗೆ ನಮ್ಮ ಮನೆಯಲ್ಲೇ ಇರುವುದೆಂದೂ ಆಯಿತು. ನಾನು ಸಂತೋಷಪಟ್ಟೆ. ಅಷ್ಟರಲ್ಲಿ ಗಿರಿಜಾ ಇನ್ನೊಂದು ಸುದ್ದಿ ಹೇಳಿದಳು: ಕಣ್ಣು ಬಂದ ಮೇಲೆ ಅವ್ವ ಮೊದಲು ನೋಡಬೇಕೆಂದಿರುವುದು ತಾನು ಕೊಟ್ಟ ದೀಪಗಳನ್ನಂತೆ. ನೆಂಟರು ಆಸ್ಪತ್ರೆಯಲ್ಲಿ ಆಪರೇಷನ್ ಸುಸೂತ್ರ ಆಗಲೆಂದು ಪ್ರಾರ್ಥಿಸುತ್ತಿದ್ದಾಗ ನಾನೊಬ್ಬನೇ, ಡಾಕ್ಟರು ಕಪ್ಪು ಚಾಳೀಸು ಇನ್ನಷ್ಟು ದಿನ ಹಾಕಿಸಲಿ ಎಂದು ಬೇಡಿಕೊಂಡವನು. ಡಾಕ್ಟರು ಒಳ್ಳೆಯವರು. ಕಣ್ಣು ಚೆನ್ನಾಗಿ ಕೂಡಿದೆ, ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ಚಾಳೀಸು ತೆಗೆಯಬಹುದು ಎಂದುಬಿಟ್ಟರು.

ಕೊನೆಯ ಆಸೆಯಿಂದ ಬಾದಾಮಿಗೆ ಹೋದೆ. ಅಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ, ಕೈಗುಣದವನು ಎಂದು ನಮ್ಮ ಕಾಲೇಜಿನವರೊಬ್ಬರು ಹೇಳಿದ್ದರು. ಅಲ್ಲಿನ ಗುಹೆಗಳೊಳಗೆ ಶಿಲ್ಪಿಗಳು ಬೆಳಕನ್ನು ಹೇಗೆ ಹೊಂದಿಸಿಕೊಂಡಿರಬೇಕು ಎಂದು ನಾನು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲೆ. ಅದೇ ಊರಲ್ಲಿ ನನ್ನ ಕಾರಿಗೆ ಒಂದಿಷ್ಟು ಬೆಳಕು ಹುಟ್ಟಲಿಲ್ಲ. ಅವನು ಬಾನೆಟ್ ಎತ್ತಿ ಎಲ್ಲರ ಪ್ರಶ್ನೆಯನ್ನೇ ಕೇಳಿದ. ನಾನು ಮೂರೂ ಊರಿನ ಹೆಸರು ಹೇಳಿದೆ. ಅವನು ಬಾನೆಟ್ಟನ್ನು ಮೆಲ್ಲಗೆ, ಹೆಣದ ಮೇಲೆ ಬಟ್ಟೆ ಹೊದಿಸಿದಂತೆ ಮುಚ್ಚಿ, ಹಳೆಯ ಬಲ್ಬು ಹಾಕಿಕೊಂಡು ಆರಾಮಾಗಿರಿ ಎಂದು ಚಹಾ ತರಿಸಿದ.

ಹಳೆಯ ಬಲ್ಬುಗಳು ನನ್ನ ಮೇಜಿನ ಡ್ರಾಯರಿನಲ್ಲಿದ್ದವು. ಬಾದಾಮಿಯಿಂದ ಬರುವಾಗ ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಆ ಡ್ರಾಯರೇ. ಅತ್ತೆಯವರು ತಾವು ಕೊಟ್ಟ ದೀಪಗಳನ್ನು ಎಂದೂ ಕಣ್ಣಾರೆ ಕಂಡವರಲ್ಲ. ಎರಡು ದೀಪ, ಎರಡೂ ಅಲ್ಲಾಡದೆ ಉರಿಯಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಮರುದಿನ ಮಧ್ಯಾಹ್ನ ಗಿರಿಜಾ ತಾಯಿಗೆ ಕಣ್ಣಿನ ಹನಿ ಹಾಕುತ್ತಿದ್ದಾಗ ನಾನು ಬಲ್ಬುಗಳನ್ನು ಕಿಸೆಗೆ ಹಾಕಿಕೊಂಡು ಮೌಲಾಸಾಬನ ಬಳಿ ಹೋದೆ. ಅವನಿಗೆ ಮನಸ್ಸಿರಲಿಲ್ಲ, ಇನ್ನೊಂದೇ ಸಲ ಅರ್ಥಿಂಗ್ ನೋಡೋಣ ಎಂದ. ನಾನು ಕೈ ಮುಗಿದೆ. ಹಳೆಯ ಜಾಗಕ್ಕೆ ಹಳೆಯ ಬಲ್ಬು ಕೂತವು. ಸ್ವಿಚ್ ಒತ್ತಿದರೆ ಹತ್ತಿದವು, ಬಿಟ್ಟರೆ ಆರಿದವು. ಹಾರ್ನು ಹೊಡೆದೆ, ಬ್ರೇಕು ಒತ್ತಿದೆ, ವೈಪರ್ ಮಲಗಿಯೇ ಇತ್ತು. ಎಲ್‌ಇಡಿ ಜೋಡಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದೆ.

ಮುಸ್ಸಂಜೆಗೆ ಅತ್ತೆಯವರು ಇಳಕಲ್ ಸೀರೆಯ ಸೆರಗು ಹೊದ್ದುಕೊಂಡು, ಮಗಳ ಕೈ ಹಿಡಿದು ಅಂಗಳಕ್ಕೆ ಬಂದರು. ನಾನು ಕಾರಿನೊಳಗೆ ಕೂತು ಸ್ವಿಚ್ ಒತ್ತಿದೆ. ಗೋಡೆಯ ಮೇಲೆ ಹಳದಿ ಬೆಳಕು ಬಿತ್ತು. ಗಿರಿಜಾ ಬೆಳಕು ನೋಡಿದಳು, ಆಮೇಲೆ ಗಾಜಿನಾಚೆಯಿಂದ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು. ನಾನು ಸ್ಟೇರಿಂಗ್ ನೋಡುತ್ತ ಕೂತೆ. ಅತ್ತೆಯವರು ಚಾಳೀಸು ತೆಗೆದು, ಬಾಗಿ ಒಂದೊಂದೇ ದೀಪವನ್ನು ದಿಟ್ಟಿಸಿದರು. ಇಷ್ಟು ಹತ್ತಿರ ಬೇಡ ಎಂದು ಮಗಳು ಹೇಳಿದರೂ ಕೇಳಲಿಲ್ಲ.

"ಖರೆ ದೀಪದಂಗ ಅದಾವಲ್ರಿ ಅಳಿಯಂದ್ರ" ಎಂದರು. "ಮಹಾಂತೇಶನ ಗಾಡಿ ಬೆಳಕ ಕಣ್ಣಾಗ ಸೂಜಿ ಚುಚ್ಚಿದಂಗ ಆಗತಿತ್ತು. ಅಂಥಾದ್ದ ನಿಮಗ ಕೊಟ್ಟೆನೇನು, ಕುರುಡಿ ಕೈಲೆ ಏನ್ ಕೊಟ್ಟೆನೋ ಅಂತ ನಿದ್ದಿ ಇರಲಿಲ್ರಿ ನನಗ."

ಅವರು ಎರಡೂ ಹೆಡ್‌ಲೈಟನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು, ಡಾಕ್ಟರು ಕಣ್ಣು ಮುಟ್ಟಬಾರದೆಂದು ಹೇಳಿದ್ದನ್ನೂ ಮರೆತು. ಒಳಗೆ ಹೋದ ಮೇಲೆ ಗಿರಿಜಾ ಅಡಿಗೆಮನೆಯಲ್ಲಿ ನನ್ನ ಮುಖ ನೋಡದೆ, "ನಮ್ಮವ್ವನ ಹೊಸ ಕಣ್ಣಿಗೆ ಮೊದಲ ಸುಳ್ಳ ತೋರಿಸಿದ್ರಿ" ಎಂದಳು. ಸ್ವಲ್ಪ ಹೊತ್ತು ರೊಟ್ಟಿ ಬಡಿದು, ಅವ್ವನಿಗೆ ಹೇಳಬೇಡಿ, ಅವಳು ಹೀಗೆ ಹಿಗ್ಗಿ ಬಹಳ ದಿನವಾಗಿತ್ತು ಎಂದಳು. ನಾನು ಬದುಕಿದೆ ಅಂದುಕೊಂಡೆ. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಊಟ ಆಗುವುದೇ ತಡ, ಅತ್ತೆಯವರು ಮಹಾಂತೇಶನಿಗೆ ಫೋನು ಹಚ್ಚಿಸಿದರು. ಮಾಮಾನ ಗಾಡಿಗೆ ಕೊಟ್ಟಂಥ ಚಂದದ ಹಳದಿ ದೀಪ ನಿನ್ನ ಗಾಡಿಗೂ ಹಾಕಿಸಿಕೋ, ಆ ಸೂಜಿ ಬೆಳಕು ಕಿತ್ತು ಒಗೆ ಎಂದು ಮಗನಿಗೆ ಹೇಳಿದರು. ಆ ಕಡೆಯಿಂದ, ಫೋನನ್ನು ಮಾಮಾರಿಗೆ ಕೊಡು ಎಂದದ್ದು ಕೇಳಿಸಿತು.

"ಹಳದಿ ಬರಾಕತ್ತಾವೇನ್ರಿ ಮಾಮಾ? ಹಂಗಾದ್ರ ಪೀಸ್ ಖರಾಬ್ ಅದಾವ್ರಿ. ಇಷ್ಟ ದಿನ ಸುಮ್ನ ಯಾಕ ಸಹಿಸಿಕೊಂಡ್ರಿ? ಇದಕ್ಕಿಂತ ದೊಡ್ಡ ಜೋಡಿ ಕಳಸ್ತೀನಿ, ನಾಳಿನ ಬಸ್ಸಿಗೆ."

ಬೇಡ ಎನ್ನಲು ಬಾಯಿ ತೆರೆದೆ. ಬೇಡವೆಂದರೆ ಯಾಕೆ ಬೇಡ ಎಂದು ಹೇಳಬೇಕು. ಹೇಳಿದರೆ ಎದುರಿಗೆ ಅತ್ತೆಯವರು ಕೂತಿದ್ದಾರೆ, ಹೊಸ ಕಣ್ಣು ಬಿಟ್ಟುಕೊಂಡು, ನನ್ನನ್ನೇ ನೋಡುತ್ತ. ಸುಮ್ಮನೆ ಯಾಕೆ ತ್ರಾಸ ತೆಗೆದುಕೊಳ್ಳುತ್ತೀರಿ ಎಂದಷ್ಟೇ ಅಂದೆ. ತ್ರಾಸ ಏನು ಬಂತು ಎಂದು ಅವನು ನಕ್ಕ.

ಮರುದಿನ ಪಾರ್ಸೆಲ್ ಬಂತು. ಡಬ್ಬಿ ಮೊದಲಿನದಕ್ಕಿಂತ ದೊಡ್ಡದಿತ್ತು. ಇವೂ ಹಂಗೇ ಚಂದ ಉರಿಯುತ್ತವೆ ಎಂದು ಮಹಾಂತೇಶ ತಾಯಿಯನ್ನು ಒಪ್ಪಿಸಿದ್ದ. ಅತ್ತೆಯವರು ಅದನ್ನು ತಟ್ಟೆಯಲ್ಲಿಟ್ಟು, ಈ ಸಲ ಯಾರ ನೆರವೂ ಇಲ್ಲದೆ ತಾವೇ ನೋಡಿ ಸರಿಯಾದ ಜಾಗಕ್ಕೆ ಅರಿಷಿಣ ಕುಂಕುಮ ಹಚ್ಚಿ, ಆರತಿ ಬೆಳಗಿದರು. "ಆವಾಗ ಕಾಣದ ಕೊಟ್ಟಿದ್ದೆ. ಈಗ ಕಣ್ಣಾರೆ ನೋಡಿ ಕೊಡಾಕತ್ತೇನ್ರಿ" ಎಂದರು. ಗಿರಿಜಾ ನನ್ನ ಹಿಂದೆ ನಿಂತಿದ್ದಳು. ನಾನು ಬಗ್ಗಿ ತಟ್ಟೆ ತೆಗೆದುಕೊಂಡು, ಭಾಳ ಚಲೋ ಅದಾವ್ರಿ ಅತ್ತಿ ಎಂದೆ.

ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ನವನಗರಕ್ಕೆ ಹೋದಾಗ ಮೌಲಾಸಾಬ ನನ್ನನ್ನು ನೋಡಿ ಹಿಗ್ಗಿದ. ಬಾನೆಟ್ ಎತ್ತಿದ. ಮೂರೂ ಊರಿನ ಕೈ ಹತ್ತಿದ ವೈರುಗಳು, ನೇತಾಡುವ ಪ್ಲಗ್ಗುಗಳು, ನಡುವೆ ಸಂಕೋಚದಿಂದ ಕೂತ ನನ್ನ ಎರಡು ಹಳೆಯ ಬಲ್ಬು. ಅವುಗಳನ್ನು ಹಾಕಿದವನು ತಾನೇ ಎಂಬುದು ಅವನಿಗೆ ಆಗಲೇ ಮರೆತುಹೋಗಿತ್ತು.

"ಈ ಕೆಲಸ ಯಾರ್ ಮಾಡ್ಯಾರ್ರಿ ಸರ?" ಎಂದ.

ಬಾದಾಮಿ ಎನ್ನಲೇ, ಹುನಗುಂದ ಎನ್ನಲೇ, ಇಳಕಲ್ಲು ಎನ್ನಲೇ ಎಂದು ಒಂದು ಗಳಿಗೆ ನೋಡಿದೆ. ಡಬ್ಬಿಯ ಕುಂಕುಮ ನನ್ನ ಅಂಗಿಗೆ ಹತ್ತಿತ್ತು.

"ನಾನಽ ಮಾಡೇನಿ" ಎಂದೆ.